ತಂದೆಯವರ ಹಳೆಯ ಪಿಕಪ್ ವಾಹನ ಯಾರದು?

ಲೆಕ್ಕಪತ್ರಗಳ ಕೆಲಸಕ್ಕೆಂದು ತಾಲ್ಲೂಕು ಕೇಂದ್ರಗಳ ಅಂಗಡಿ, ಅಕ್ಕಿ ಗಿರಣಿ, ಸಣ್ಣ ಕಾರ್ಖಾನೆಗಳಿಗೆ ಹೋದಾಗ ನಾನು ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ಹಿಂಭಾಗದ ಶೆಡ್ಡಿನಲ್ಲಿ, ಖಾಲಿ ಗೋಣಿಚೀಲಗಳ ನಡುವೆ, ಗಾಳಿ ಇಳಿದ ಟೈರುಗಳ ಮೇಲೆ ಹಳೆಯ ವಾಹನವೊಂದು ನಿಂತಿರುತ್ತದೆ. ಕೆಲವು ಕಡೆ ಮೆಟಡೋರ್, ಕೆಲವು ಕಡೆ 407, ಇನ್ನು ಕೆಲವು ಕಡೆ ಹಿಂಬದಿ ತೆರೆದ ಜೀಪು. ಇದು ಓಡುತ್ತದೆಯೇ ಎಂದು ಕೇಳಿದರೆ ಮಾಲೀಕರು ಒಂದು ಕ್ಷಣ ಸುಮ್ಮನಿದ್ದು, "ಅದು ನಮ್ಮ ತಂದೆಯವರ ಕಾಲದ್ದು ಸಾರ್" ಎನ್ನುತ್ತಾರೆ. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೂ ಅದರ ನಂತರ ಮತ್ತೊಂದು ಪ್ರಶ್ನೆ ಕೇಳಲು ಯಾರಿಗೂ ಮನಸ್ಸಾಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಮಾತ್ರ ಇದ್ದೇ ಇದೆ. ಆರ್‌ಸಿ ಪುಸ್ತಕ ಯಾರ ಹೆಸರಿನಲ್ಲಿದೆ? ಹತ್ತು ವರ್ಷಗಳ ಹಿಂದೆ ತೀರಿಕೊಂಡ ತಂದೆಯವರ ಹೆಸರಿನಲ್ಲಿಯೇ ಇದೆ ಎಂಬ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಟ್ಟಿಲ್ಲ. ಅವರನ್ನು ಆಕ್ಷೇಪಿಸುವ ಅಧಿಕಾರವೂ ನನಗಿಲ್ಲ. ಏಕೆಂದರೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿಯೇ ಅಂತಹ ವಾಹನವೊಂದಿದೆ. ಅದರ ವಿಷಯದಲ್ಲಿ ಲೆಕ್ಕಿಗನಾದ ನಾನು ಮಾಡಿದ ತಪ್ಪನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ತಂದೆಯವರದು ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕ. ಕೊಳ್ಳೇಗಾಲಕ್ಕೆ ರೈಲು ಇಲ್ಲ. 1990ರ ದಶಕದಲ್ಲಿ ಮಂಜೂರಾದ ಕನಕಪುರ ಮಾರ್ಗದ ರೈಲು ಇಂದಿಗೂ ನಮ್ಮ ಊರನ್ನು ತಲುಪಿಲ್ಲ. ಆದುದರಿಂದ ಇಲ್ಲಿಯ ವ್ಯಾಪಾರವೆಲ್ಲ ರಸ್ತೆಯನ್ನೇ ನಂಬಿಕೊಂಡು ಬೆಳೆದದ್ದು. 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ, ಅನಂತರ ಮೈಸೂರು ಜಿಲ್ಲೆಗೆ, 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿದ ಊರು ಇದು. ಜಿಲ್ಲಾ ಕೇಂದ್ರ ಬದಲಾದರೂ ಸರಕು ಹೋಗುವ ದಾರಿಗಳು ಬದಲಾಗಲಿಲ್ಲ. ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರು. ನರಸೀಪುರದ ಮೇಲೆ ಮೈಸೂರು. ಯಳಂದೂರು, ಸಂತೇಮರಹಳ್ಳಿಯ ಮೇಲೆ ಚಾಮರಾಜನಗರ.

ರೇಷ್ಮೆ ಗೂಡಿನ ಸಾಗಣೆಗೆ ಉಳಿದ ಸರಕಿಗಿಲ್ಲದ ಒಂದು ತೊಡಕು ಇದೆ. ಗೂಡಿನೊಳಗೆ ಜೀವವಿರುತ್ತದೆ. ದಿನ ಕಳೆದಂತೆ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಬಿಗಿಯಾಗಿ ತುಂಬಿದರೆ ಬಿಸಿಯೇರಿ ಗೂಡಿಗೆ ಕಲೆ ಬೀಳುತ್ತದೆ. ಆದುದರಿಂದ ಗೂಡನ್ನು ಸಡಿಲವಾಗಿ, ಗಾಳಿಯಾಡುವಂತೆ ತುಂಬಿ, ರಾತ್ರಿಯ ತಂಪಿನಲ್ಲಿ ಸಾಗಿಸಬೇಕು. ಆ ಕಾಲದಲ್ಲಿ ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಂಟು ಹತ್ತು ಕಿಲೋ ಗೂಡು ಬೇಕಾಗುತ್ತಿತ್ತು. ಹೊರೆ ನೋಡಲು ಬೆಟ್ಟದಷ್ಟು, ತೂಕ ಮಾತ್ರ ಕಡಿಮೆ. ಬಸ್ಸಿನ ಟಾಪಿನ ಮೇಲೆ ಹಾಕಿ ತಂದರೆ ಗೂಡು ಜಜ್ಜಿಹೋಗುತ್ತಿತ್ತು. ಬಾಡಿಗೆಯ ಮೆಟಡೋರಿನವರು ಬೇರೆ ಯಾರಾದರೂ ಎರಡು ರೂಪಾಯಿ ಹೆಚ್ಚು ಕೊಟ್ಟರೆ ಅತ್ತ ಹೋಗಿಬಿಡುತ್ತಿದ್ದರು. ಸ್ವಂತ ವಾಹನವಿಲ್ಲದೆ ಈ ಕಸುಬು ಬೆಳೆಯದೆಂದು ತಂದೆಯವರು ನಿರ್ಧರಿಸಿದ್ದು ಹೀಗೆ.

1986ರಲ್ಲಿ ಬಂದ 407 ನಮ್ಮ ಅಗತ್ಯಕ್ಕೆ ದೊಡ್ಡದೆನಿಸಿತು. ಜಪಾನಿನ ಸಹಯೋಗದಲ್ಲಿ ಬಂದಿದ್ದ ಲಘು ಲಾರಿಗಳ ಬಿಡಿಭಾಗಗಳು ಇಲ್ಲಿ ಸಿಗುವವೋ ಇಲ್ಲವೋ ಎಂಬ ಅನುಮಾನ. ಟೆಲ್ಕೊ ಸಂಸ್ಥೆಯು 1988ರಲ್ಲಿ ಟಾಟಾ ಮೊಬೈಲ್ 206 ಎಂಬ ಪಿಕಪ್ ವಾಹನವನ್ನು ಮಾರುಕಟ್ಟೆಗೆ ತಂದಿತು. 1990ರಲ್ಲಿ ತಂದೆಯವರು ಅದನ್ನು ಕೊಂಡರು. ಆಗ ನಾನು ಬಿ.ಕಾಂ. ಮುಗಿಸಿ ಮೈಸೂರಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಬಳಿ ತರಬೇತಿಗೆ ಸೇರಿದ್ದೆ. ಕೆಎ 09 ಎಂದು ಆರಂಭವಾಗುವ ಅದರ ನೋಂದಣಿ ಸಂಖ್ಯೆ ನಾವು ಮೈಸೂರು ಜಿಲ್ಲೆಯವರಾಗಿದ್ದ ಕಾಲದ್ದು. ಊರಿನವರೆಲ್ಲ ಅದನ್ನು 'ಮೊಬೈಲ್' ಎಂದೇ ಕರೆಯುತ್ತಿದ್ದರು. "ಮೊಬೈಲ್ ಎಲ್ಲಿ ನಿಂತಿದೆ?" ಎಂದು ನಮ್ಮ ತಾಯಿಯವರು ಈಗಲೂ ಕೇಳಿದಾಗ ಮೊಮ್ಮಕ್ಕಳು ಚಾರ್ಜರಿನ ಕಡೆಗೆ ನೋಡುತ್ತಾರೆ.

ಹಿಂಬದಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕಮಾನು ಕಟ್ಟಿಸಿ, ಬಲೆ ಹೊದಿಸಿ, ಮಳೆಗಾಲಕ್ಕೆಂದು ಟಾರ್ಪಾಲು ಮಾಡಿಸಿದ್ದರು. ನಮ್ಮ ಊರಿನ ಗೂಡಿನ ಮಾರುಕಟ್ಟೆಯಲ್ಲಿ ದರ ಏರಿದ ದಿನಗಳಲ್ಲಿ ಸಂತೇಮರಹಳ್ಳಿಗೆ, ಕೆಲವೊಮ್ಮೆ ರಾಮನಗರಕ್ಕೆ ಹೋಗಿ ಹರಾಜಿನಲ್ಲಿ ಕೊಂಡು, ಕತ್ತಲಾದ ಮೇಲೆ ಹೊರಟು ಬೆಳಗಿನ ಜಾವಕ್ಕೆ ಊರು ಸೇರುತ್ತಿದ್ದರು. ಬಿಸಿನೀರಿನ ಬೇಸಿನ್‌ಗಳಿಗೆ ಆಗಲೇ ಉರಿ ಹಚ್ಚಿರುತ್ತಿತ್ತು. ಹುಳುವಿನ ಆ ವಾಸನೆ ವಾಹನವನ್ನು ಬಿಟ್ಟು ಇಂದಿಗೂ ಹೋಗಿಲ್ಲ. ಅದು ದುರ್ವಾಸನೆಯೆಂದು ನನ್ನ ಮಕ್ಕಳು ಹೇಳಿದಾಗಲೇ ನನಗೆ ಹೊಳೆದದ್ದು.

ಈಗ ಹೇಳಬೇಕಾದ ಮುಖ್ಯ ವಿಷಯ ತಂದೆಯವರು ಇಟ್ಟಿದ್ದ ಓಡಾಟದ ಪುಸ್ತಕ. ಉದ್ದನೆಯ ರಟ್ಟಿನ ಪುಸ್ತಕ. ದಿನಾಂಕ, ಹೊರಟ ಊರು, ಸೇರಿದ ಊರು, ಮೀಟರಿನ ಅಂಕಿ, ಡೀಸೆಲ್, ಚಾಲಕನ ಬಾಟಾ, ಪಂಕ್ಚರ್. ಕೊನೆಯ ಅಂಕಣದಲ್ಲಿ ಎರಡರಲ್ಲಿ ಒಂದು ಪದ ಇರಲೇಬೇಕು: 'ಅಂಗಡಿ' ಅಥವಾ 'ಮನೆ'. ಯುಗಾದಿಗೆ ನಾವೆಲ್ಲ ಮಹದೇಶ್ವರ ಬೆಟ್ಟಕ್ಕೆ ಅದೇ ವಾಹನದ ಹಿಂಬದಿಯಲ್ಲಿ ಚಾಪೆ ಹಾಸಿಕೊಂಡು ಹೋಗುತ್ತಿದ್ದೆವು. ಸರಕಿನ ವಾಹನದಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧವೆಂಬುದು ಆಗ ನಮ್ಮಲ್ಲಿ ಯಾರಿಗೂ ತಪ್ಪೆನಿಸಿರಲಿಲ್ಲ. ಇಂದು ಹಾಗೆ ಹೋಗುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ಘಟ್ಟವನ್ನು ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ನು ಮಾಡುತ್ತಿದ್ದ ಸದ್ದು ನನಗೆ ಕಂಠಪಾಠವಾಗಿದೆ. ವೀರಪ್ಪನ್ ಭೀತಿಯ ಆ ವರ್ಷಗಳಲ್ಲಿ ಬೆಟ್ಟದಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಹೊತ್ತು ಮುಳುಗುವುದರೊಳಗೆ ತಾಳಬೆಟ್ಟಕ್ಕೆ ಇಳಿದಿರಬೇಕೆಂಬುದು ತಂದೆಯವರ ಕಟ್ಟಪ್ಪಣೆ. ಮನೆಗೆ ಬಂದವರೇ ಕೈಕಾಲು ತೊಳೆಯುವ ಮೊದಲು ಪುಸ್ತಕ ತೆಗೆದು, 'ಬೆಟ್ಟ — ಮನೆ' ಎಂದು ಬರೆದು, ಆ ಡೀಸೆಲ್ ಹಣವನ್ನು ತಮ್ಮ ಸ್ವಂತ ಖಾತೆಗೆ ಖರ್ಚು ಹಾಕುತ್ತಿದ್ದರು.

1996ರಲ್ಲಿ ನನ್ನ ತಂಗಿಗೆ ಚೊಚ್ಚಲ ಹೆರಿಗೆಯ ನೋವು ನಡುರಾತ್ರಿಯಲ್ಲಿ ಕಾಣಿಸಿಕೊಂಡಿತು. ಬೇರೆ ವಾಹನ ಸಿಗಲಿಲ್ಲ. ತಾಯಿಯವರನ್ನೂ ತಂಗಿಯನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಣ್ಣ ಮೈಸೂರಿಗೆ ಓಡಿಸಿದರು. ತಂದೆಯವರು ಹಿಂಬದಿಯಲ್ಲಿ ಖಾಲಿ ಗೋಣಿಗಳ ಮೇಲೆ ಕುಳಿತಿದ್ದರು. ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ಮರುದಿನ ಊರಿಗೆ ಬಂದ ತಂದೆಯವರು ಪುಸ್ತಕ ತೆಗೆದಾಗ ಅಣ್ಣ, "ಆಸ್ಪತ್ರೆಗೆ ಹೋಗಿದ್ದನ್ನೂ ಬರೀಬೇಕೇನಪ್ಪ?" ಎಂದರು. ತಂದೆಯವರು ತಲೆಯೆತ್ತದೆ, "ಮಗು ಅಂಗಡೀದೇನಪ್ಪ?" ಎಂದು ಕೇಳಿ 'ಮನೆ' ಎಂದು ಬರೆದರು. ವೆಚ್ಚ ಲೆಕ್ಕಶಾಸ್ತ್ರದ ಗ್ರಂಥಗಳನ್ನು ನಾನು ಅನಂತರ ಸಾಕಷ್ಟು ಓದಿದ್ದೇನೆ. ಸಂಸ್ಥೆ ಬೇರೆ, ಮಾಲೀಕ ಬೇರೆ ಎಂಬ ತತ್ತ್ವವನ್ನು ಇಷ್ಟು ಸ್ವಚ್ಛವಾಗಿ ಆಚರಿಸಿದವರನ್ನು ಮತ್ತೆ ಕಂಡಿಲ್ಲ.

ಇಷ್ಟು ನಿಷ್ಠುರರಾಗಿದ್ದವರು ಒಂದು ಕಡೆ ಎಡವಿದರು. ಸಾಲ ಬೇಗ ಮಂಜೂರಾಗಲೆಂದು ವಾಹನವನ್ನು ತಮ್ಮ ಸ್ವಂತ ಹೆಸರಿನಲ್ಲಿ ನೋಂದಾಯಿಸಿದರು. ಹಣ ಕೊಟ್ಟದ್ದು ತಂದೆಯವರು ಮತ್ತು ಅಣ್ಣ ಪಾಲುದಾರರಾಗಿದ್ದ ಸಂಸ್ಥೆ. ಕಂತು ಕಟ್ಟಿದ್ದು ಸಂಸ್ಥೆ. ವರ್ಷವರ್ಷವೂ ಸವಕಳಿ ಕಳೆದದ್ದು ಸಂಸ್ಥೆ. ಆರ್‌ಸಿಯಲ್ಲಿ ಮಾತ್ರ ತಂದೆಯವರ ಹೆಸರು. 2009ರಲ್ಲಿ ಅವರು ತೀರಿಕೊಂಡರು. ಇಬ್ಬರೇ ಪಾಲುದಾರರಿದ್ದ ಸಂಸ್ಥೆಯಲ್ಲಿ ಒಬ್ಬರು ಮರಣ ಹೊಂದಿದರೆ ಪಾಲುದಾರಿಕೆಯೇ ಉಳಿಯುವುದಿಲ್ಲ. ಅಣ್ಣ ಏಕಮಾಲೀಕರಾಗಿ ವ್ಯಾಪಾರ ಮುಂದುವರಿಸಿದರು. ಬ್ಯಾಂಕಿನ ಖಾತೆ, ಲೈಸೆನ್ಸು, ಪ್ಯಾನ್ ಎಲ್ಲವನ್ನೂ ಸರಿಪಡಿಸಿದೆವು. ವಾಹನದ ಆರ್‌ಸಿಯನ್ನು ಮುಟ್ಟಲಿಲ್ಲ. ಮರೆತೆವೆಂದರೆ ಸುಳ್ಳಾಗುತ್ತದೆ. ಆ ಪುಸ್ತಕದಿಂದ ತಂದೆಯವರ ಹೆಸರನ್ನು ತೆಗೆಸಲು ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ. ತಾಯಿಯವರ ಎದುರು ಆ ಮಾತು ತೆಗೆಯುವುದು ಹೇಗೆಂದು ನಾನೂ ಸುಮ್ಮನಾದೆ. ಸಂಬಂಧಿಯಾದುದರಿಂದ ಲೆಕ್ಕಪರಿಶೋಧನೆ ಬೇರೊಬ್ಬರದಾಗಿತ್ತು. ಆದರೆ ಸಲಹೆ ಕೊಡಬೇಕಾದವನು ನಾನೇ.

2012ರಲ್ಲಿ ಹನೂರು ರಸ್ತೆಯಲ್ಲಿ ನಮ್ಮ ಚಾಲಕ ಓಡಿಸುತ್ತಿದ್ದ ಅದೇ ವಾಹನ ಬೈಕ್ ಸವಾರರೊಬ್ಬರಿಗೆ ತಗುಲಿ ಅವರ ಕಾಲು ಮುರಿಯಿತು. ವಿಮಾ ಕಂತನ್ನು ಅಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆದರೆ ಆರ್‌ಸಿ, ವಿಮೆ ಎರಡೂ ಮೂರು ವರ್ಷಗಳ ಹಿಂದೆ ತೀರಿಕೊಂಡವರ ಹೆಸರಿನಲ್ಲಿದ್ದವು. ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿದುಕೊಂಡರು. ಪ್ರಕರಣ ಎಳೆದಾಡಿ ಕಡೆಗೆ ರಾಜಿಯಾಯಿತು. ಅಣ್ಣ ಕೈಯಿಂದ ಹಣ ತೆರಬೇಕಾಯಿತು. ಅದಕ್ಕಿಂತ ಹೆಚ್ಚಾಗಿ ಗಾಯಗೊಂಡವರು ಪರಿಹಾರಕ್ಕಾಗಿ ಎರಡು ವರ್ಷ ಅಲೆಯಬೇಕಾಯಿತು. ಅವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಅಣ್ಣ ನನಗೆ ಒಂದೇ ಮಾತು ಹೇಳಿದರು: "ಊರಿಗೆಲ್ಲ ಲೆಕ್ಕ ಹೇಳ್ತೀಯ. ಇದನ್ನ ನೀನು ಹೇಳಬೇಕಿತ್ತು ಕಣಪ್ಪ." ನನ್ನಲ್ಲಿ ಉತ್ತರವಿರಲಿಲ್ಲ.

ಒಡೆತನ ಎಂಬ ಒಂದೇ ಪದಕ್ಕೆ ಕಾನೂನಿನಲ್ಲಿ ಒಂದೇ ಅರ್ಥವಿಲ್ಲವೆಂಬುದನ್ನು ನಮ್ಮ ವರ್ತಕ ಬಂಧುಗಳು ಗಮನಿಸಬೇಕು. ಆದಾಯ ತೆರಿಗೆಯ ದೃಷ್ಟಿಯಲ್ಲಿ ಆಸ್ತಿಯನ್ನು ಹಣ ಕೊಟ್ಟು ಪಡೆದು, ವಶದಲ್ಲಿಟ್ಟುಕೊಂಡು, ಸ್ವಂತ ಹಕ್ಕಿನಿಂದ ವ್ಯಾಪಾರಕ್ಕೆ ಬಳಸುವವರೇ ಒಡೆಯರು. 1999ರಲ್ಲಿ ಮೈಸೂರು ಮಿನರಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕ್ರಯಪತ್ರ ನೋಂದಣಿಯಾಗದಿದ್ದ ಮನೆಗಳ ಮೇಲೂ ಸಂಸ್ಥೆಗೆ ಸವಕಳಿ ಸಲ್ಲುತ್ತದೆಂದು ತೀರ್ಪಿತ್ತಿತು. ಆ ತೀರ್ಪಿನ ಬಲದಿಂದಲೇ ಪಾಲುದಾರರ ಹೆಸರಿನಲ್ಲಿರುವ ವಾಹನಗಳಿಗೂ ಸಂಸ್ಥೆಗಳು ಸವಕಳಿ ಕೇಳುತ್ತವೆ. ಮೋಟಾರು ವಾಹನ ಕಾಯ್ದೆಯ ದಾರಿ ಬೇರೆ. ಅಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಒಡೆಯರು. ಕಾರೊಂದು ನಾಲ್ಕಾರು ಕೈ ಬದಲಾಗಿ, ಯಾರೂ ಆರ್‌ಸಿ ವರ್ಗಾಯಿಸಿಕೊಳ್ಳದೆ, ಕೊನೆಗೆ ಅಪಘಾತವಾದ ಪ್ರಕರಣದಲ್ಲಿ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಹೇಳಿತು. ಅಂದರೆ ಒಂದೇ ವಾಹನದ ಮೇಲೆ ತೆರಿಗೆಯ ಲಾಭ ಒಬ್ಬರಿಗೆ, ಅಪಘಾತದ ಹೊಣೆ ಮತ್ತೊಬ್ಬರಿಗೆ ಬರಬಹುದು. ಆ ಮತ್ತೊಬ್ಬರು ಬದುಕಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾವು ಕಂಡುಕೊಂಡೆವು.

ಇದಕ್ಕೆ ಪರಿಹಾರ ಕಠಿಣವಲ್ಲ. ಮಾಲೀಕರು ಮರಣ ಹೊಂದಿದರೆ ವಾಹನವನ್ನು ಇಟ್ಟುಕೊಳ್ಳುವ ವಾರಸುದಾರರು ಮೂವತ್ತು ದಿನಗಳೊಳಗೆ ಆರ್‌ಟಿಒ ಕಚೇರಿಗೆ ವಿಷಯ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. 2021ರಲ್ಲಿ ನಿಯಮಗಳಿಗೆ ಆದ ತಿದ್ದುಪಡಿಯಿಂದ ಆರ್‌ಸಿಯಲ್ಲಿಯೇ ನಾಮನಿರ್ದೇಶಿತರ ಹೆಸರನ್ನು ಸೇರಿಸುವ ಅವಕಾಶವೂ ಬಂದಿದೆ. ಬ್ಯಾಂಕಿನ ಠೇವಣಿಗೆ ನಾಮಿನಿ ಬರೆಸುವ ನಮ್ಮ ವರ್ತಕರು ಲಕ್ಷಾಂತರ ರೂಪಾಯಿಯ ವಾಹನಕ್ಕೆ ಬರೆಸುವುದನ್ನು ನಾನು ಇನ್ನೂ ಹೆಚ್ಚಾಗಿ ಕಂಡಿಲ್ಲ. ನಮ್ಮ ವಾಣಿಜ್ಯ ಸಂಸ್ಥೆಯು ಜಿಎಸ್‌ಟಿ ಶಿಬಿರಗಳನ್ನು ನಡೆಸುವಂತೆ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಒಂದೊಂದು ದಿನ ಇದಕ್ಕಾಗಿಯೇ ಶಿಬಿರ ನಡೆಸಿದರೆ, ಶೆಡ್ಡುಗಳಲ್ಲಿ ನಿಂತಿರುವ ಎಷ್ಟು ವಾಹನಗಳು ತೀರಿಕೊಂಡವರ ಹೆಸರಿನಲ್ಲಿವೆ ಎಂಬುದಾದರೂ ತಿಳಿದೀತು.

ಇನ್ನು ಇಟ್ಟುಕೊಳ್ಳಬೇಕೇ, ಗುಜರಿಗೆ ಹಾಕಬೇಕೇ ಎಂಬ ಪ್ರಶ್ನೆ. ನನ್ನ ವೃತ್ತಿಬಾಂಧವರಲ್ಲಿ ಅನೇಕರು ಪುಸ್ತಕದ ಬೆಲೆ ನೋಡಿ, ಬೆಲೆಯಿಲ್ಲದ ಆಸ್ತಿಯನ್ನು ತೆಗೆದುಹಾಕಿ ಎನ್ನುತ್ತಾರೆ. ಪುಸ್ತಕದ ಬೆಲೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಉಳಿದ ಮೊತ್ತದ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯುತ್ತ ಹೋದರೆ ಒಂದು ಲಕ್ಷ ರೂಪಾಯಿಯ ವಾಹನ ಹದಿನೈದು ವರ್ಷಕ್ಕೆ ಸುಮಾರು 8,700 ರೂಪಾಯಿ, ಮೂವತ್ತು ವರ್ಷಕ್ಕೆ ಸುಮಾರು 760 ರೂಪಾಯಿ ಆಗುತ್ತದೆ. ಎಷ್ಟು ವರ್ಷ ಕಳೆದರೂ ಈ ಪದ್ಧತಿಯಲ್ಲಿ ಅದು ಸೊನ್ನೆಯಾಗುವುದಿಲ್ಲ. ನೋಡಬೇಕಾದದ್ದು ಮುಂದಿನ ಖರ್ಚನ್ನು. ಹದಿನೈದು ವರ್ಷ ದಾಟಿದ ವಾಣಿಜ್ಯ ವಾಹನಗಳ ಎಫ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರವು 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿದೆ. ಅದರ ಮೇಲೆ ವಿಮೆ, ಬ್ಯಾಟರಿ, ಟೈರು. ದೇಶದಲ್ಲಿ ಡೀಸೆಲ್ ವಾಹನಗಳ ಹೊಗೆಗೆ ಮಿತಿ ನಿಗದಿಯಾದದ್ದೇ 1992ರಲ್ಲಿ. ನಮ್ಮದು ಅದಕ್ಕೂ ಹಿಂದಿನದು. ಅದನ್ನು ದಿನನಿತ್ಯದ ವ್ಯಾಪಾರಕ್ಕೆ ಓಡಿಸುವುದು ಸರಿಯಲ್ಲ, ಲಾಭವೂ ಇಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮ ಊರಿನಲ್ಲಿ ಬಾಡಿಗೆ ವಾಹನಗಳ ಕೊರತೆಯೂ ನೀಗಿತು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ಬಿದ್ದ ಪೆಟ್ಟಿನಿಂದ ನಮ್ಮ ಬಿಚ್ಚಾಣಿಕೆಯ ಘಟಕ ಮತ್ತೆ ಮೇಲೇಳಲಿಲ್ಲ. ಈಗ ಅಣ್ಣನದು ನೂಲು ಮತ್ತು ಸೀರೆಯ ವ್ಯಾಪಾರ ಮಾತ್ರ. ಗೂಡು ಹೊರುವ ಕೆಲಸವೇ ಇಲ್ಲ.

ಹಾಗೆಂದು ನೆನಪಿಗೆ ಖರ್ಚು ಮಾಡಬಾರದೆಂದು ಹೇಳಲು ನಾನು ಯಾರು? ಆದರೆ ಆ ಖರ್ಚು ಅಂಗಡಿಯದಾಗಬಾರದು. ಶೆಡ್ಡಿನಲ್ಲಿ ನಿಂತ ವಾಹನದ ವಿಮೆ, ದುರಸ್ತಿಗಳನ್ನು 'ವಾಹನ ನಿರ್ವಹಣೆ' ಎಂದು ವ್ಯಾಪಾರದ ವೆಚ್ಚದಲ್ಲಿ ತೋರಿಸುವುದು, ಅದರ ಬಿಡಿಭಾಗಗಳ ಮೇಲೆ ಜಿಎಸ್‌ಟಿ ಹೂಡುವಳಿ ತೆರಿಗೆಯನ್ನು ಹಿಂಪಡೆಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಅದು ತಪ್ಪು. ಮಾರುವುದಾದರೆ, ಜಿಎಸ್‌ಟಿ ನೋಂದಣಿಯಿರುವವರು ಸವಕಳಿ ಕಳೆದು ಉಳಿದ ಬೆಲೆಗಿಂತ ಹೆಚ್ಚಾಗಿ ಬಂದ ಮೊತ್ತದ ಮೇಲೆ ಮಾತ್ರ ತೆರಿಗೆ ಕಟ್ಟಬೇಕು. 2025ರ ಜನವರಿಯಿಂದ ಆ ದರ ಶೇ. 18. ಗುಜರಿಗೆ ಹಾಕುವುದಾದರೆ ಅಧಿಕೃತ ಕೇಂದ್ರಕ್ಕೇ ಕೊಟ್ಟು, ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಿ. ಗುಜರಿ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಂಡರೆ ಕಾಗದದ ಮೇಲೆ ಆ ವಾಹನ ನಿಮ್ಮ ಹೆಸರಿನಲ್ಲಿಯೇ ಓಡುತ್ತಿರುತ್ತದೆ.

ನಮ್ಮ ವಾಹನದ ವಿಷಯ ಹೀಗೆ ಮುಗಿಯಿತು. ತಾಯಿಯವರು, ತಂಗಿ, ನಾನು ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಆರ್‌ಸಿಯನ್ನು ಅಣ್ಣನ ಹೆಸರಿಗೆ ಮಾಡಿಸಿದೆವು. ನಾನು ಹೆದರಿದ್ದಂತೆ ತಾಯಿಯವರು ಏನೂ ಅನ್ನಲಿಲ್ಲ, "ಇಷ್ಟು ದಿನ ಯಾಕೆ ಬಿಟ್ಟಿದ್ರಿ?" ಎಂದಷ್ಟೇ ಕೇಳಿದರು. ಸಂಸ್ಥೆಯ ಪುಸ್ತಕದಲ್ಲಿದ್ದ ಬೆಲೆಯನ್ನು ಅಣ್ಣನ ಬಂಡವಾಳ ಖಾತೆಗೆ ಖರ್ಚು ಹಾಕಿ ವಾಹನವನ್ನು ಲೆಕ್ಕದಿಂದ ಹೊರತೆಗೆದೆವು. ವರ್ಷದ ವಿಮೆ, ಎಫ್‌ಸಿ, ದುರಸ್ತಿಯ ಖರ್ಚನ್ನು ನಾವು ಮೂವರು ಸ್ವಂತ ಹಣದಿಂದ ಹಂಚಿಕೊಳ್ಳುತ್ತೇವೆ. ಎಫ್‌ಸಿಯಲ್ಲಿ ಅನುತ್ತೀರ್ಣವಾದ ವರ್ಷ ಅದನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಕಳುಹಿಸಬೇಕೆಂದು ಬರೆದಿಟ್ಟಿದ್ದೇವೆ. ಆ ಕೊನೆಯ ಷರತ್ತು ತಂಗಿಗೆ ಇಂದಿಗೂ ಒಪ್ಪಿಗೆಯಿಲ್ಲ. ಸಹಿ ಮಾತ್ರ ಹಾಕಿದ್ದಾಳೆ. ಓಡಾಟದ ಪುಸ್ತಕದಲ್ಲಿ 1996ರ ಆ ರಾತ್ರಿಯ ಪುಟ ಇರುವ ಸಂಪುಟವನ್ನು ನನ್ನಿಂದ ತೆಗೆದುಕೊಂಡು ಹೋಗಿ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ, ಕೇಳಿದರೆ ಕೊಡುವುದಿಲ್ಲ.